ಸೊಟ್ಟ ಚಿಪ್ಪಿನ ಹನ್ನೊಂದು ಸೀಸೆ

ಮಾರ್ಚ್ ೧೧, ಮಂಗಳವಾರ

ಅಕ್ಕಾ,

ನನ್ನ ಅಕ್ಷರ ಎಂದು ಗೊತ್ತಾದ ಕೂಡಲೇ ಮಡಚಿ ಇಟ್ಟುಬಿಡಬೇಡ. ಮೂರು ಹಾಳೆ ಕೆಡಿಸಿ ಇದು ನಾಲ್ಕನೆಯದು. ಕೆಟ್ಟ ಹಾಳೆಗಳನ್ನೂ ಎಸೆದಿಲ್ಲ, ಹಿಂಬದಿ ಖಾಲಿ ಇದೆಯಲ್ಲ. ನಿನ್ನ ಕಾಲಿನ ಕಜ್ಜಿ ಹೇಗಿದೆ? ಕೆಸರಿಂದ ಬಂದ ಕೂಡಲೇ ಬಿಸಿನೀರಲ್ಲಿ ತೊಳೆಯುತ್ತೀಯ ತಾನೆ? ನಂಗೇನೂ ಆಗಲ್ಲ ಅನ್ನುತ್ತೀಯ, ಗೊತ್ತು. ಆದರೂ ತೊಳಿ.

ಎರಡು ತಿಂಗಳ ಹಿಂದೆ ನೀನು ನಗರಸಭೆಗೆ ಹೋಗಿ, ಊರ ಕೊಳಚೆನೀರಿನ ಕೊಳವೆ ಸಮುದ್ರಕ್ಕೆ ಬೀಳುವಲ್ಲಿ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ಹಾಗೆ ನಾರುತ್ತಿದೆ, ಆಯಲು ಹೋದರೆ ಸತ್ತ ಚಿಪ್ಪುಮೀನೇ ಸಿಗುತ್ತದೆ ಎಂದು ಹೇಳಿದೆ. ಅವರು ನಮ್ಮ ಲ್ಯಾಬಿನ ಕಾಗದ ಓದಿ ನಿನ್ನ ಬಾಯಿ ಮುಚ್ಚಿಸಿದರು. ಕೆಸರಿನ ಸೂಕ್ಷ್ಮಜೀವಿಗಳು ಆರೋಗ್ಯವಾಗಿವೆ ಎಂದು ಅದರಲ್ಲಿತ್ತು. ಅಲ್ಲಿಂದ ನೇರ ನಮ್ಮ ಮನೆಗೆ ಬಂದು, ಆ ಕಾಗದ ಬರೆದವರು ಒಂದಿನ ನನ್ನ ಜೊತೆ ಮೊಣಕಾಲುದ್ದ ಕೆಸರಲ್ಲಿ ನಿಲ್ಲಲಿ, ಆಮೇಲೆ ಮಾತಾಡೋಣ ಅಂದೆ. ಎಣಿಕೆ ಸುಳ್ಳು ಹೇಳಲ್ಲ ಅಕ್ಕ ಎಂದು ನಾನಂದೆ. ನೀನು ಚಹಾ ಮುಟ್ಟದೆ ಎದ್ದು ಹೋದೆ.

ಆ ಎಣಿಕೆ ನನ್ನದೇ. ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತೇನೆ ಎಂದಷ್ಟೇ ನಿನಗೆ ಹೇಳಿದ್ದೆ. ಆರನೇ ತರಗತಿಗೆ ಎರಡು ಸಲ ಹೋಗಿ ಎರಡು ಸಲ ಬಿಟ್ಟವಳು ಎಣಿಸುತ್ತಾಳೆ ಅಂದರೆ ನಗುತ್ತೀಯ ಎಂದು ಭಯ. ಕೆಸರನ್ನು ಜರಡಿಯಲ್ಲಿ ತೊಳೆದು ಒಣಗಿಸಿ, ಕಪ್ಪು ತಟ್ಟೆಯಲ್ಲಿ ಹರಡಿ, ಮೈಕ್ರೋಸ್ಕೋಪಿನ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದೇ ಜೀವಿಯ ಚಿಪ್ಪು ಎತ್ತಬೇಕು. ಮರಳಿನ ಕಣದಷ್ಟು ಚಿಕ್ಕದು. ಸುತ್ತಲೂ ಸುಣ್ಣದ ಮನೆ ಕಟ್ಟಿಕೊಂಡು, ಬೆಳೆದ ಹಾಗೆಲ್ಲ ಒಂದೊಂದು ಕೋಣೆ ಸೇರಿಸುತ್ತಾ ಸುರುಳಿಯಾಗುತ್ತದೆ. ನೋಡಿದರೆ ಆಸೆಯಾಗುತ್ತದೆ.

ಮೊದಲ ದಿನ ಲ್ಯಾಬಿನ ಮೇಡಂ, ಒಡೆದದ್ದು ಬಿಟ್ಟು ಮುನ್ನೂರು ಎಣಿಸಿ ಅಂದಿದ್ದರು. ನಾನು ಬೇಳೆ ಆರಿಸಿದ ಹಾಗೆ ಸೊಟ್ಟಗಿದ್ದದ್ದನ್ನೂ ಬದಿಗೆ ಸರಿಸಿದೆ. ಕೋಣೆ ತಿರುಚಿಕೊಂಡದ್ದು, ಎರಡು ತಲೆಯದ್ದು, ಸುರುಳಿ ದಾರಿ ತಪ್ಪಿದ್ದು. ಚೆನ್ನಾಗಿದ್ದದ್ದನ್ನು ಮಾತ್ರ ಸಾಲಾಗಿ ಅಂಟಿಸಿ ಮೇಡಂಗೆ ಕೊಟ್ಟೆ. ಎಷ್ಟು ಅಚ್ಚುಕಟ್ಟು ಅಂದರು. ನಾನು ಉಬ್ಬಿಹೋದೆ.

ಕಳೆದ ವಾರ ಮೇಡಂ ಪಕ್ಕದ ಕೋಣೆಯಲ್ಲಿ ಕಾಲೇಜು ಮಕ್ಕಳಿಗೆ ಪಾಠ ಮಾಡುತ್ತಿದ್ದರು. ನಾನು ಜರಡಿ ತೊಳೆಯುತ್ತಾ ಇಣುಕಿದರೆ, ಗೋಡೆ ತುಂಬ ನಾನು ಬಿಟ್ಟಂಥದೇ ಸೊಟ್ಟ ಚಿಪ್ಪಿನ ಚಿತ್ರ. ಕೆಸರಿಗೆ ಕೊಳಚೆ ಸೇರಿದರೆ ಇವು ಹೀಗೆ ಮನೆ ಸೊಟ್ಟ ಕಟ್ಟುತ್ತವೆ ಎನ್ನುತ್ತಿದ್ದರು. ಎಣಿಸಬೇಕಾಗಿದ್ದದ್ದು ಅವನ್ನೇ, ನಾನು ಬದಿಗೆ ಸರಿಸಿದ್ದೂ ಅವನ್ನೇ. ನಲ್ಲಿ ಹರಿಯುತ್ತಲೇ ಇತ್ತು.

ಆದರೆ ನಾನು ಹರಿದ ಬಸ್ ಟಿಕೆಟ್ಟನ್ನೂ ಎಸೆಯದವಳು. ಆರಿಸಿ ಬಿಟ್ಟದ್ದನ್ನೆಲ್ಲ, ನಾಳೆ ಯಾರಾದರೂ ಕೇಳಿದರೆ ಎಂಬ ಹೆದರಿಕೆಗೆ, ಖಾಲಿ ಔಷಧಿ ಸೀಸೆಗಳಲ್ಲಿ ತುಂಬಿ, ಯಾವ ದಿನ, ಯಾವ ಜಾಗದ ಕೆಸರು ಎಂದು ಚೀಟಿ ಅಂಟಿಸಿಟ್ಟಿದ್ದೆ. ಹನ್ನೊಂದು ಸೀಸೆ. ಈಗ ಸೇರಿಸಿ ಎಣಿಸಿದೆ, ಮೂರು ಸಲ. ದೂರದ ದಡದ ಕೆಸರಲ್ಲಿ ಮುನ್ನೂರಕ್ಕೆ ನಾಲ್ಕು ಸೊಟ್ಟ. ನೀನು ನಿಲ್ಲುವ ಜಾಗದಲ್ಲಿ ಐವತ್ತೆರಡು. ಈ ಸಲ ತಪ್ಪಿಲ್ಲ ಅಕ್ಕ. ಬೇರೆ ಎಲ್ಲದಕ್ಕೂ ಹೆದರುತ್ತೇನೆ, ನನ್ನ ಕಣ್ಣಿನ ಬಗ್ಗೆ ಹೆದರಿಕೆಯಿಲ್ಲ.

ಶುಕ್ರವಾರದ ಸಭೆಯಲ್ಲಿ ನಗರಸಭೆಯವರು ಅದೇ ಹಳೆಯ ಕಾಗದ ತೋರಿಸಿ, ಅದೇ ಜಾಗಕ್ಕೆ ಇನ್ನೊಂದು ಕೊಳವೆ ಹಾಕಲು ಒಪ್ಪಿಗೆ ಕೊಡುತ್ತಾರಂತೆ. ಅದಕ್ಕೇ ಸೀಸೆಗಳನ್ನು ಮೇಡಂ ಮೇಜಿನ ಮೇಲೆ ಇಟ್ಟು ಎಲ್ಲ ಹೇಳಿಬಿಟ್ಟೆ. ಅವರು ಏನಂದರು ಎನ್ನುವುದನ್ನು ಕೊನೆಗೆ ಬರೆಯುತ್ತೇನೆ.

ನೀನು ಹೇಳಿದ್ದು ಸರಿಯಿತ್ತು. ಅವತ್ತು ನಿನ್ನ ಕಾಲು ನೋಡಿಯೂ ಕಾಗದವನ್ನೇ ನಂಬಿದೆ. ಸಿಟ್ಟಿದ್ದರೆ ಬಂದು ಬೈದು ಹೋಗು, ಚಹಾ ಮಾತ್ರ ಕುಡಿದು ಹೋಗು.

ನಿನ್ನ ತಂಗಿ,
ನೀನೇ ಹೆಸರಿಟ್ಟ ‘ಗುಜರಿ ಅಂಗಡಿ’

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೇಡಂಗೆ ಹೇಳಿಬಿಟ್ಟೆ ಎಂದು ಬರೆಯುವಾಗ ಸೀಸೆಗಳು ನನ್ನ ಮಡಿಲಲ್ಲೇ ಇದ್ದವು. ಬರೆದುಬಿಟ್ಟರೆ ಮಾಡಲೇಬೇಕಾಗುತ್ತದಲ್ಲ ಎಂದು ಬರೆದೆ. ಲಕೋಟೆ ಅಂಟಿಸದೆ, ಸೀಸೆಗಳನ್ನು ಎತ್ತಿಕೊಂಡು ಮೇಡಂ ಹತ್ತಿರ ಹೋದೆ. ಮೇಡಂ ಬಹಳ ಹೊತ್ತು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ಇದನ್ನೆಲ್ಲ ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದರು. ಎಸೆಯೋಕೆ ಭಯ ಆಯ್ತು ಮೇಡಂ ಅಂದೆ. ಕೂತಲ್ಲಿಂದಲೇ ನಗರಸಭೆಗೆ ಫೋನು ಮಾಡಿ, ಆ ಕಾಗದ ಸಭೆಗೆ ಇಡಬೇಡಿ, ತಪ್ಪಾಗಿದೆ, ತಪ್ಪು ನಮ್ಮದು ಅಂದರು. ನಮ್ಮದು ಅಂದರು ಅಕ್ಕ, ಅವಳದು ಅನ್ನಲಿಲ್ಲ. ಶುಕ್ರವಾರ ಸೀಸೆ ಹಿಡಿದು ನಾನೂ ಹೋಗಬೇಕಂತೆ. ನೀನೂ ಬಂದು ನನ್ನ ಪಕ್ಕದಲ್ಲಿ ನಿಲ್ಲು. ಈಗ ಮೇಲೆ ಬರೆದದ್ದೆಲ್ಲ ನಿಜ. ಲಕೋಟೆ ಅಂಟಿಸುತ್ತಿದ್ದೇನೆ.