ಗರಿಯಿಲ್ಲದ ಬೆಳ್ಳಕ್ಕಿ

ಮುಂಬಯಿ, 14-11-1964

ದೊಡ್ಡಪ್ಪನವರಿಗೆ ಸುಬ್ಬಪ್ಪನ ನಮಸ್ಕಾರ.

ಕರಕುಶಲ ಪ್ರದರ್ಶನದಲ್ಲಿ ನನ್ನ ಪಕ್ಕದ ಮಳಿಗೆ ಲೀಲಾಬಾಯಿ ಎಂಬ ಶಿಲ್ಪಿಯದು. ಧಾರವಾಡದ ಕಡೆಯವರು. ನಿನ್ನೆ ಅವರ ಮೇಜಿನ ಮೇಲೆ ಹಲಸಿನ ಮರದ ಬೆಳ್ಳಕ್ಕಿಯೊಂದನ್ನು ಕಂಡೆ. ಗರಿಯಿಲ್ಲ, ಕಣ್ಣಿಲ್ಲ, ಬರೀ ನುಣುಪು. ಒಂದು ಅಂಗುಲ ಖಾಲಿ ಬಿಟ್ಟರೂ ಕೆಲಸ ಬಾಕಿ ಎನ್ನುತ್ತೀರಲ್ಲ ನೀವು, ಅದೇ ರೂಢಿಯಲ್ಲಿ ಸಣ್ಣ ಉಳಿ ಹಿಡಿದು ಹೋಗಿ, "ಅಕ್ಕಾ, ಗರಿ ನಾನೇ ಕೆತ್ತಿ ಕೊಡ್ತೀನಿ, ಸಂಜೆಯೊಳಗೆ ಮುಗೀತದೆ" ಎಂದೆ. ಅವರು ನಗಲಿಲ್ಲ. "ಅದು ಮುಗದದ. ಕಣ್ಣು ಮುಚ್ಚಿ ಮುಟ್ಟಿ ನೋಡ್ರಿ" ಎಂದರು. ಮುಟ್ಟಿದೆ. ಮಂಡಗದ್ದೆಯ ಹೊಳೆಯ ಮರಗಳಲ್ಲಿ ಕತ್ತು ಹುದುಗಿಸಿ ಕೂತ ಹಕ್ಕಿಯೇ ಅಂಗೈಗೆ ಬಂದಂತಾಯಿತು.

ಬೆಲೆ ಹನ್ನೊಂದೇ ರೂಪಾಯಿ! ಎರಡು ದಿನದ ಕೆಲಸವಂತೆ. ನನ್ನ ಕಣ್ಣೆದುರೇ ಗಿರಣಿ ಕೆಲಸದವನೊಬ್ಬ ಅದನ್ನು ಕೊಂಡು ಟವೆಲಿನಲ್ಲಿ ಸುತ್ತಿಕೊಂಡು ಹೋದ. ನಮ್ಮ ಗಂಧದ ಪೆಟ್ಟಿಗೆಗೆ ಮೂರು ತಿಂಗಳು ಬೇಕು, ಕೊಳ್ಳಲು ಕಾರಿನವರೇ ಬರಬೇಕು.

ಹಿತ್ತಿಲಲ್ಲಿ ಬಿದ್ದಿರುವ ಹಲಸಿನ ದಿಮ್ಮಿಯನ್ನು ಸಾಮಿಲ್ಲಿಗೆ ಕೊಡಬೇಡಿ. ಸಾಗರಕ್ಕೆ ಬಂದ ಮರುದಿನವೇ ಅದಕ್ಕೆ ಉಳಿ ಹಾಕುತ್ತೇನೆ. ನೀವು ಬೈದರೂ ಬಿಡುವುದಿಲ್ಲ.

ಇಲ್ಲಿನ ನೀರು ಒಗ್ಗದೆ ನೆಗಡಿಯಾಗಿದೆ, ಜ್ವರವೇನಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು. ಮೊದಲ ಹಕ್ಕಿ ಮಾರಾಟಕ್ಕಲ್ಲ, ದೊಡ್ಡಮ್ಮನ ಕೈಗೆ. ಮೂರು ತಲೆಮಾರಿನಿಂದ ಕೆತ್ತುತ್ತಿರುವ ಮನೆ ನಮ್ಮದು. ನಾವು ಕೆತ್ತಿದ್ದು ಆ ಮನೆಯೊಳಗೆ ಒಂದೂ ಇಲ್ಲ.

ಸುಬ್ಬಪ್ಪ