ಐವತ್ತೆರಡು, ಆರುನೂರ ಹನ್ನೆರಡು

೧೬–೧–೧೯೫೯, ಸೊರಬ

ಎಸ್ಸೆಸ್ಸೆಲ್ಸಿ ಕ್ಲಾಸಿಗೆ ಆಲ್ಜೀಬ್ರ. ಎರಡು ಸಂಖ್ಯೆಗಳ ಮೊತ್ತ ಕೊಟ್ಟಿದೆ, ಗುಣಲಬ್ಧ ಕೊಟ್ಟಿದೆ, ಸಂಖ್ಯೆ ಹುಡುಕು. ಬೋರ್ಡು ತುಂಬ ಬರೆದೆ. ಮುಂದಿನ ಬೆಂಚು ಬಿಟ್ಟರೆ ಉಳಿದವರಿಗೆಲ್ಲ ತೂಕಡಿಕೆ. ನನಗೂ.

ಮನೆಗೆ ಬಂದರೆ ಅಣ್ಣ ಆನಂದಪ್ಪನ ಅಪ್ಪಣೆ— ಭಾನುವಾರ ಶಿಕಾರಿಪುರಕ್ಕೆ ಹೆಣ್ಣು ನೋಡಲು. ಮಲ್ಲಿಕಾರ್ಜುನಪ್ಪನವರ ಮಗಳು, ನೀಲಾಂಬಿಕ. ಹದಿನೆಂಟು. ಇನ್ನೂ ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ.

"ನನ್ನ ವಯಸ್ಸು ಎಷ್ಟು ಅಂತ ಹೇಳಿದೀಯ?"

"ಇಪ್ಪತ್ತಾರು."

ಮೂವತ್ತನಾಲ್ಕು ತುಂಬಿದೆ ನನಗೆ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾ ಹೇಳಿದ್ದು ಒಂದೇ ಕಣೋ."

ಅಪ್ಪ ಹೋದ ಮೇಲೆ ಸಾಕಿ ಓದಿಸಿದವನು. ಎದುರಾಡಿ ಅಭ್ಯಾಸವಿಲ್ಲ. ಹೇಡಿತನಕ್ಕೆ ಇದು ಮರ್ಯಾದೆಯ ಹೆಸರು.

೧೮–೧, ಭಾನುವಾರ ರಾತ್ರಿ

ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಹೋದೆವು. ಉಪ್ಪಿಟ್ಟು, ಕಾಫಿ. ಹುಡುಗಿ ಚಾಪೆಯ ಮೇಲೆ ಕೂತಳು. "ಏನಾದ್ರೂ ಕೇಳ್ರಿ ಮೇಷ್ಟ್ರೆ," ಅಂದರು ಮಲ್ಲಿಕಾರ್ಜುನಪ್ಪ. ಹಾಡು ಕೇಳುವುದು ವಾಡಿಕೆ. ನಾನು ಲೆಕ್ಕ ಕೇಳಿದೆ. ಬಸ್ಸಿನಲ್ಲೇ ಕಟ್ಟಿಕೊಂಡಿದ್ದೆ.

"ಒಂದು ಗಂಡು, ಒಂದು ಹೆಣ್ಣು. ಇಬ್ಬರ ವಯಸ್ಸು ಕೂಡಿದ್ರೆ ಐವತ್ತೆರಡು. ಗುಣಿಸಿದ್ರೆ ಆರುನೂರ ಹನ್ನೆರಡು. ಯಾರಿಗೆಷ್ಟು?"

ಬಾಯಿಬಿಟ್ಟು ಹೇಳಲಾರದ್ದನ್ನು ಹೀಗಾದರೂ ಹೇಳೋಣ ಅಂತ. ತಿಳಿದರೆ ಬೇಡ ಅನ್ನುತ್ತಾಳೆ. ಬದುಕಿಕೊಳ್ಳುತ್ತಾಳೆ.

ಸ್ಲೇಟು ತರಿಸಿಕೊಂಡಳು. ಎಕ್ಸ್ ಬರೆದಳು. ಚುರುಕು ಕೈ— ನನ್ನ ಕ್ಲಾಸಿನಲ್ಲಿ ಅಂಥವರು ಇಬ್ಬರೂ ಇಲ್ಲ.

"ಹದಿನೆಂಟು," ಅಂದಳು ಖುಷಿಯಿಂದ. "ಮೂವತ್ತ್‌ನಾಕು." ಅಲ್ಲಿಗೆ ದನಿ ಇಳಿಯಿತು. ನನ್ನ ಮುಖ ನೋಡಿದಳು. ಸೆರಗಿನಿಂದ ಸ್ಲೇಟು ಒರೆಸಿದಳು.

"ಲೆಕ್ಕದ ಮೇಷ್ಟ್ರಿಗೆ ಲೆಕ್ಕದ ಹುಡುಗಿ!" ಅಂತ ಅವರಪ್ಪ ನಕ್ಕರು. ಅಲ್ಲೇ ಮಾತು ಮುಗಿಯಿತು. ತಪ್ಪಿಸಲು ಹೋಗಿ ಗಂಟು ಬಿಗಿದು ಬಂದೆ.

೧೫–೨, ಶಿಕಾರಿಪುರ

ವೀಳ್ಯ ಬದಲಾಯಿಸುವ ಶಾಸ್ತ್ರ. ಕೈತೊಳೆಯಲು ಹಿತ್ತಲಿಗೆ ಹೋದೆ. ತಂಬಿಗೆ ಹಿಡಿದು ಅವಳೇ ನಿಂತಿದ್ದಳು.

"ಲೆಕ್ಕ ನಿಮಗೆ ಅರ್ಥ ಆಗಿತ್ತಲ್ಲ. ಮತ್ಯಾಕೆ ಸುಮ್ಮನಿದ್ರಿ?" ಅಂತ ಕೇಳಿದೆ.

"ಅವತ್ತೇ ಅಪ್ಪಗೆ ಹೇಳಿದ್ನಿ. ಅವರಿಗೆ ಮೊದಲೇ ಗೊತ್ತಿತ್ತಂತ್ರಿ. ಗೊತ್ತಿಲ್ದೇ ಇದ್ದದ್ದು ನನಗೊಬ್ಬಳಿಗೇ."

ನೀರು ಹಾಕಿದಳು. ಕೈ ಚಾಚಿದ್ದೇ ಮರೆತಿದ್ದೆ.

"ನಾ ಪರೀಕ್ಷೆಗೆ ಕೂರ್ಬೇಕ್ರಿ. ಟೀಚರ್ ಟ್ರೈನಿಂಗಿಗೆ ಹೋಗ್ಬೇಕು. ನಾ ಒಲ್ಲೆ ಅಂದ್ರೆ ಯಾರು ಕೇಳ್ತಾರೆ? ನೀವೇ ಒಲ್ಲೆ ಅಂದ್ಬಿಡ್ರಿ."

ಆಗಲಿ ಅಂದೆ. ಮಾತು ಕೊಟ್ಟೆ.

ಒಳಗೆ ಎಲೆ-ಅಡಿಕೆ ತಟ್ಟೆ ಇಟ್ಟಿದ್ದರು. ಜನ ತುಂಬಿತ್ತು. "ಅಣ್ಣಾ," ಅಂದೆ. ಎಲ್ಲರೂ ತಿರುಗಿದರು. ಬಾಗಿಲ ಸಂದಿಯಲ್ಲಿ ಅವಳು.

"ಏನೋ?"

"ಏನಿಲ್ಲ... ಕುಡಿಯಕ್ಕೆ ನೀರು."

೨–೪, ಸೊರಬ, ಬೆಳಿಗ್ಗೆ

ಇವತ್ತಿನಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ. ಪರೀಕ್ಷೆ ಕೊಠಡಿಯಲ್ಲಿ ನನ್ನದೇ ಸೂಪರ್ವಿಜನ್. ನೀಲಾಂಬಿಕ ಎದ್ದು ರೊಟ್ಟಿ ತಟ್ಟಿ ಬುತ್ತಿ ಕಟ್ಟಿದಳು. ಮದುವೆಯಾಗಿ ತಿಂಗಳಾಗುತ್ತಾ ಬಂತು, ಒಂದು ದಿನ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ವರ್ಷ ಪರೀಕ್ಷೆಗೆ ಕಟ್ಟಿಸೋಣ ಅಂದೆ ಮೊನ್ನೆ. ಅಣ್ಣ ನಕ್ಕ, ಅವಳು ನಗಲಿಲ್ಲ.

ಚಪ್ಪಲಿ ಮೆಟ್ಟುವಾಗ ಕೇಳಿದಳು, "ಮೊದಲ ಪೇಪರ್ ಆಲ್ಜೀಬ್ರ ಏನ್ರಿ?"

ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ. ಬುತ್ತಿ ಕೈಗೆ ಕೊಟ್ಟಳು. ಬೀದಿಯಲ್ಲಿ ಲಂಗ-ದಾವಣಿಯ ಹುಡುಗಿಯರಿಬ್ಬರು ಪ್ಯಾಡು ಹಿಡಿದು ಓಡುತ್ತಿದ್ದರು. ಅವರನ್ನೇ ನೋಡುತ್ತ ಅವಳು ಬಾಗಿಲ ಮೇಲೆ ಬೆರಳಲ್ಲೇ ಎಕ್ಸ್ ಬರೆದಳು, ಸೆರಗಿನಿಂದ ಒರೆಸಿದಳು.