ಹಾಜರಿ ಪುಸ್ತಕದ ವಯಸ್ಸು, ಸಣ್ಣಸ್ವಾಮಿಯ ಮೂತ್ರಪಿಂಡ

ಹೊರರಾಜ್ಯ ಚಿಕಿತ್ಸಾ ಶಿಫಾರಸು ಸಮಿತಿಯ ಮಾನ್ಯ ಅಧ್ಯಕ್ಷರೇ,

ಅರವತ್ತು ದಾಟಿದವರಿಗೆ ಮೂತ್ರಪಿಂಡ ಕಸಿ ಮಾಡಿಸಿ ಪ್ರಯೋಜನವಿಲ್ಲವೆಂದು ಒಂದೇ ಸಾಲು ಗೀಚಿ, ಸಣ್ಣಸ್ವಾಮಿಯ ಅರ್ಜಿಯನ್ನು ಹಿಂದಕ್ಕೆ ಕಳಿಸಿದ್ದೀರಿ. ಓದಿ ನನಗೆ ಮೈ ಉರಿದುಹೋಯಿತು. ನೀವು ಅವನ ಮುಖವನ್ನಾದರೂ ನೋಡಿದ್ದೀರಾ?

ಅವನು ಮೂರ್ನಾಡಿನ ಹತ್ತಿರದ ಕಾಫಿ ತೋಟದಲ್ಲಿ ನಲವತ್ತಮೂರು ವರ್ಷ ದುಡಿದ ಆಳು. ಎರಡು ಮೂತ್ರಪಿಂಡಗಳೂ ಕೆಟ್ಟಿವೆ. ಹೊರರಾಜ್ಯದ ಆಸ್ಪತ್ರೆಯ ವೈದ್ಯರು ಹತ್ತು ದಿನ ಪರೀಕ್ಷಿಸಿ ಬರೆದುಕೊಟ್ಟರು: ಹೃದಯ ಗಟ್ಟಿಯಾಗಿದೆ, ಸಕ್ಕರೆ ಕಾಯಿಲೆಯಿಲ್ಲ, ಮೂತ್ರಪಿಂಡ ಕೊಡಲು ಒಪ್ಪಿರುವ ತಂಗಿಯ ರಕ್ತ ಹೊಂದುತ್ತದೆ. ವಯಸ್ಸಾದವರಿಗೆ ಅಪಾಯ ಹೆಚ್ಚು, ಕಸಿಯ ನಂತರದ ಔಷಧದಿಂದ ಸೋಂಕು ತಗಲಬಹುದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಆದರೆ ಇವನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ತಡವಾಗುವುದು ಎಂದು ಗೆರೆ ಎಳೆದು ಬರೆದಿದ್ದಾರೆ. ನಿಮ್ಮ ಶಿಫಾರಸಿಲ್ಲದೆ ಅಲ್ಲಿ ಹಾಸಿಗೆಯಿಲ್ಲ. ಆ ಎರಡು ಪುಟ ನಿಮ್ಮ ಕಡತದಲ್ಲೇ ಇವೆ. ಓದಲು ಕನ್ನಡಕ ಸಿಗಲಿಲ್ಲವೇ, ಇಲ್ಲ ವಯಸ್ಸಿನ ಅಂಕಣ ಮೊದಲು ಕಣ್ಣಿಗೆ ಬಿದ್ದು ನಿಮ್ಮ ಕೆಲಸ ಹಗುರಾಯಿತೇ?

ಆ ಅಂಕಣದ ಕಥೆಯನ್ನೂ ಕೇಳಿ. ಅವನು ಕೆಲಸಕ್ಕೆ ಸೇರಿದಾಗ ಆ ತೋಟದಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದವನು ನಾನೇ. ಹದಿನೆಂಟು ತುಂಬದವರಿಗೆ ಅರೆಕೂಲಿ ಎಂಬುದು ತೋಟದ ದೊರೆಯ ನಿಯಮ. ಹಾಗಾಗಿ ಮೀಸೆ ಚಿಗುರದವರನ್ನೂ ಹಾಜರಿ ಪುಸ್ತಕದಲ್ಲಿ ನಾವು ಹದಿನೆಂಟು ಎಂದೇ ಬರೆಯುತ್ತಿದ್ದೆವು. ಹಾಸನದ ಕಡೆಯಿಂದ ಪುಟ್ಟ ತಂಗಿಯ ಕೈ ಹಿಡಿದು ಬಂದ ಸಣ್ಣಸ್ವಾಮಿಗೂ ನಾಲ್ಕು ವರ್ಷ ಸೇರಿಸಿದೆ. ಉಪಕಾರ ಮಾಡಿದೆನೆಂದು ಬೀಗಿದ್ದೆ. ಅವನ ವಯಸ್ಸಿಗೆ ಇರುವ ದಾಖಲೆ ಆ ಪುಸ್ತಕವೊಂದೇ; ಅದರ ಪ್ರಕಾರ ಅವನಿಗೆ ಇಂದು ಅರವತ್ತೊಂದು, ನಿಜಕ್ಕೆ ಐವತ್ತೇಳು. ಇದನ್ನು ನಿಮ್ಮ ಗುಮಾಸ್ತರಿಗೆ ಹೇಳಿದರೆ, "ಬರ್ದಿದ್ದು ಬರ್ದಾಯ್ತಲ್ಲ ಪದ್ಮಯ್ಯನವ್ರೇ" ಎಂದು ನಕ್ಕರು.

ಪಕ್ಕದಲ್ಲಿದ್ದ ತಂಗಿ ಚಲುವಮ್ಮ ನಗಲಿಲ್ಲ. "ಕೊಡೋಳು ನಾನು, ತಗೊಳ್ಳೋನು ನಮ್ಮಣ್ಣ. ಮಧ್ಯ ಇವ್ರಿಗೇನು ರೈಟ್ರೇ ಕಷ್ಟ?" ಎಂದು ನನ್ನನ್ನೇ ಕೇಳಿದಳು. ಉತ್ತರ ನೀವು ಕೊಡಿ.

ವಯಸ್ಸು ತಿದ್ದಿಕೊಡಿ ಎಂದು ನಾನು ಬೇಡುತ್ತಿಲ್ಲ. ಅವನಿಗೆ ನಿಜವಾಗಿ ಅರವತ್ತೊಂದೇ ಆಗಿದ್ದರೂ ಆ ಹೃದಯ ಅದೇ, ಆ ತಂಗಿಯೂ ಅವಳೇ. ವೈದ್ಯರ ವರದಿ ಓದಿ, ಬರುವ ಸೋಮವಾರದೊಳಗೆ ಶಿಫಾರಸು ಪತ್ರ ಕಳಿಸಿ. ಸುಳ್ಳು ಬರೆದದ್ದಕ್ಕೆ ಶಿಕ್ಷೆಯಿದ್ದರೆ ನನ್ನನ್ನು ಕರೆಸಿ, ಬರುತ್ತೇನೆ. ಅದನ್ನು ಅವನ ಮೇಲೆ ಹಾಕಬೇಡಿ.

ಇಂತಿ,
ಹದಿನಾಲ್ಕನ್ನು ಹದಿನೆಂಟು ಮಾಡಿದ ಕೈಯಿಂದಲೇ ಇದನ್ನೂ ಬರೆದಿರುವ
ಪದ್ಮಯ್ಯ, ನಿವೃತ್ತ ರೈಟರ್
ಮೂರ್ನಾಡು, ೧೯೭೩